ಆ ಪ್ರಾರ್ಥನೆ ನಮ್ಮದಲ್ಲವೇ?



ಕುಮಟೆಯಿಂದ ಅಂಕೋಲೆಯತ್ತ ಸಾಗುವ ಹೆದ್ದಾರಿಯಲ್ಲಿ ಮಿರ್ಜಾನವನ್ನು ದಾಟಿ ಮುಂದೆ ಹೋದರೆ ಹಿರೇಗುತ್ತಿ ಸಿಗುತ್ತದೆ. ಕಳೆದ ವರ್ಷ ತಪಸ್ಸು ಕಾಲದ ಒಂದು ಸಂಜೆ ಆ ಊರಿನ ಪರಿಚಿತರೊಬ್ಬರ ಮನೆಯಲ್ಲಿದ್ದೆ. ಜಪಸರ ಆಗಷ್ಟೇ ಮುಗಿದಿತ್ತು. ಕಣ್ಣು ಮಂಜಾಗಿರುವ ಆ ಮನೆಯ ಅಜ್ಜಿ, ಎದ್ದು ಹೋಗದೆ ಅಲ್ಲಿಯೇ ಗೋಡೆಗೆ ಒರಗಿ, ತಾವು ಬಾಲ್ಯದಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಪ್ರಾರ್ಥನೆಯೊಂದನ್ನು ಮೆಲುದನಿಯಲ್ಲಿ ಹಾಡಿಕೊಳ್ಳತೊಡಗಿದರು. ಒಂದು ಮಾತೂ ತಪ್ಪಲಿಲ್ಲ. ಏಳನೆಯ ತರಗತಿಯಲ್ಲಿ ಓದುವ ಮೊಮ್ಮಗ, ಅಜ್ಜಿ ಹಾಡುತ್ತಿರುವುದು ಏನೆಂದು ತಂದೆಯನ್ನು ಕೇಳಿದ. ತಂದೆ ಹೇಳಿದರು: "ಅದು ಶಾಲೆಯ ಹಾಡು. ನಮ್ಮ ಪ್ರಾರ್ಥನೆಯಲ್ಲ." ಬಳಿಕ ನನ್ನ ಕಡೆಗೆ ತಿರುಗಿ, "ನಮ್ಮದು ಕೊಂಕಣಿ ಮನೆ, ಮಾಸ್ತರೇ. ಹುಡುಗ ಓದುವುದು ಇಂಗ್ಲಿಷಿನಲ್ಲಿ. ಇವನಿಗೆ ಕನ್ನಡ ಪದ್ಯ ಕಟ್ಟಿಕೊಂಡು ಆಗಬೇಕಾದದ್ದೇನು?" ಎಂದರು. ಅಜ್ಜಿ ಹಾಡನ್ನು ಅರ್ಧಕ್ಕೆ ನಿಲ್ಲಿಸಿದರು.

ಅತಿಥಿಯಾಗಿ ಹೋದವನು ವಾದಕ್ಕಿಳಿಯಬಾರದೆಂದು ನಾನು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ತಪ್ಪೆಂದು ಈಗ ಅನಿಸುತ್ತಿದೆ. ಅಂದು ಆಡದೆ ಉಳಿದ ಮಾತನ್ನು ಇಂದು ನಿಮ್ಮ ಮುಂದೆ ಆಡುತ್ತಿದ್ದೇನೆ. ಏಕೆಂದರೆ ಆ ತಂದೆಯ ಮಾತು ಒಂದು ಮನೆಯ ಮಾತಲ್ಲ. ಕುಮಟೆ, ಹೊನ್ನಾವರ, ಭಟ್ಕಳಗಳ ನಮ್ಮ ಅನೇಕ ಕುಟುಂಬಗಳು ಬಾಯಿಬಿಟ್ಟೋ ಬಿಡದೆಯೋ ನಂಬಿಕೊಂಡಿರುವ ಮಾತು.

ಅಜ್ಜಿ ಹಾಡಿದ್ದು 'ಕರುಣಾಳು ಬಾ ಬೆಳಕೆ' ಎಂದು ನಾಡೆಲ್ಲ ಬಲ್ಲ ಪ್ರಾರ್ಥನೆ. ಅದನ್ನು ಕನ್ನಡಕ್ಕೆ ತಂದವರು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರು. 1926ರಲ್ಲಿ ಪುಸ್ತಕರೂಪದಲ್ಲಿ ಬಂದ ಅವರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಅದು ಸೇರಿದೆ. ಮೂಲದಲ್ಲಿ ಅದನ್ನು ಬರೆದವರು ಯಾರು? ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ, ಇನ್ನೂ ಆಂಗ್ಲಿಕನ್ ಸಭೆಯ ಯುವಗುರುವಾಗಿದ್ದ ಅವರು ಸಿಸಿಲಿ ದ್ವೀಪದಲ್ಲಿ ಜ್ವರಕ್ಕೆ ತುತ್ತಾಗಿ ಸಾವಿನ ಅಂಚಿಗೆ ಹೋಗಿ ಬಂದರು. ಊರಿಗೆ ಮರಳುವ ಹಂಬಲದಿಂದ ಕಿತ್ತಳೆ ಹಣ್ಣು ಸಾಗಿಸುವ ಹಾಯಿಹಡಗೊಂದನ್ನು ಏರಿದರು. ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳ ನಡುವಣ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತಿತು. ನಡುನೀರಿನಲ್ಲಿ ಗಾಳಿಯಿಲ್ಲದೆ ನಿಲ್ಲುವುದೆಂದರೆ ಏನೆಂದು ನಮ್ಮ ಕರಾವಳಿಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಮುಂದಿನ ದಾರಿ ಕಾಣದ ಆ ದಿನಗಳಲ್ಲಿ ಹುಟ್ಟಿದ್ದು ಆ ಪ್ರಾರ್ಥನೆ. ಅದನ್ನು ಬರೆದವರು 1845ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. 1879ರಲ್ಲಿ ಕಾರ್ಡಿನಲ್ ಆದರು. 2019ರ ಅಕ್ಟೋಬರಿನಲ್ಲಿ ಸಂತರೆಂದು ಘೋಷಿತರಾದರು. 2025ರ ನವೆಂಬರ್ 1ರಂದು ಧರ್ಮಸಭೆಯ ಪಂಡಿತರೆಂಬ ಮನ್ನಣೆಯನ್ನೂ ಪಡೆದರು.

ನಮ್ಮದೇ ಒಬ್ಬ ಸಂತರ ಪ್ರಾರ್ಥನೆಯನ್ನು ನಮ್ಮದೇ ಅಜ್ಜಿಯೊಬ್ಬರು ಜಪಸರದ ತರುವಾಯ ಹಾಡಿದರೆ, "ಅದು ನಮ್ಮದಲ್ಲ" ಎನ್ನುವ ಸ್ಥಿತಿಗೆ ನಾವು ಬಂದಿದ್ದೇವೆ. ಕಾರಣ ಒಂದೇ: ಅದು ಕನ್ನಡದಲ್ಲಿದೆ, ಶಾಲೆಯ ಪುಸ್ತಕದಲ್ಲಿದೆ, ಅದನ್ನು ಕನ್ನಡಿಸಿದವರ ಹೆಸರು ನಮ್ಮವರ ಹೆಸರಲ್ಲ. ಇದಕ್ಕಿಂತ ದೊಡ್ಡ ಬಡತನ ಬೇರೊಂದಿದೆಯೇ?

ಶ್ರೀಕಂಠಯ್ಯನವರ ಕಾಲವನ್ನು ನಾವು ಕನ್ನಡದ ನವೋದಯ ಎಂದು ಕರೆಯುತ್ತೇವೆ. ಯುರೋಪಿನ ಜನ ಲ್ಯಾಟಿನ್ನಿನ ಪಾಂಡಿತ್ಯದಿಂದ ತಿರುಗಿ ತಮ್ಮ ಆಡುನುಡಿಗಳಲ್ಲಿ ಕಾವ್ಯ ಕಟ್ಟಿದ ಪುನರುಜ್ಜೀವನದ ಕಾಲಕ್ಕೆ ಇದು ಹೋಲಿಕೆಯುಳ್ಳದ್ದು. 1911ರಲ್ಲಿ ಧಾರವಾಡದಲ್ಲಿ ಮಾಡಿದ ಭಾಷಣವೊಂದರಲ್ಲಿ, ಇಂಗ್ಲಿಷ್ ಪ್ರಾಧ್ಯಾಪಕರಾದ ಶ್ರೀಕಂಠಯ್ಯನವರೇ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. ಅದೇ ವರ್ಷ ಮಂಜೇಶ್ವರದ ಗೋವಿಂದ ಪೈಗಳು, ಸಾವಿರ ವರ್ಷಗಳಿಂದ ಕನ್ನಡ ಪದ್ಯಕ್ಕೆ ಕಡ್ಡಾಯವೆಂಬಂತಿದ್ದ ಪ್ರಾಸವನ್ನು ಬಿಟ್ಟು ಕವನ ಬರೆದರು. 1924ರಲ್ಲಿ ಮೈಸೂರಿಗೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಬುದ್ಧಿ ಹೇಳಿದರು. ಹೀಗೆ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರೇ ಕನ್ನಡಕ್ಕೆ ತಿರುಗಿದ ಕಾಲವದು. ಇಂಗ್ಲಿಷ್ ಕಲಿಯುವುದಕ್ಕಾಗಿ ಕನ್ನಡವನ್ನು ಬಿಡಬೇಕೆಂಬ ನಮ್ಮ ಇಂದಿನ ಲೆಕ್ಕ ಎಲ್ಲಿಂದ ಬಂತು?

ಈಗ ಆ ತಂದೆಯ ಮೊದಲ ವಾದಕ್ಕೆ ಬರೋಣ. "ನಮ್ಮದು ಕೊಂಕಣಿ ಮನೆ." ನಿಜ. ಕೊಂಕಣಿ ನಮ್ಮ ಮನೆಮಾತು, ತೊಟ್ಟಿಲ ಮಾತು. ಅದನ್ನು ಬಿಡಿರೆಂದು ಹೇಳುವವನು ನಾನಲ್ಲ. ಆದರೆ ಮನೆಮಾತು ಬೇರೆಯಾದವರಿಗೆ ಕನ್ನಡ ಕಾವ್ಯ ಪರಕೀಯವೆಂಬ ಮಾತನ್ನು ನವೋದಯದ ಕವಿಗಳ ಎದುರಿಗಿಟ್ಟು ನೋಡಿ. ಗೋವಿಂದ ಪೈಗಳ ಮನೆಮಾತು ಯಾವುದು? ಕೊಂಕಣಿ. ಮಕ್ಕಳ ಬಾಯಿಗೆ ಕನ್ನಡ ಪದ್ಯದ ರುಚಿ ಹತ್ತಿಸಿದ ಪಂಜೆ ಮಂಗೇಶರಾಯರ ಮನೆಮಾತು? ಅದೂ ಕೊಂಕಣಿ. ಧಾರವಾಡದ ಆಡುಮಾತನ್ನೇ ಮಂತ್ರವಾಗಿಸಿದ ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರದು ತಮಿಳು. ಬೇಂದ್ರೆಯವರಿಗೆ 1973ರ, ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಕನ್ನಡದ ಬರವಣಿಗೆಗೆ. ಅವರಲ್ಲಿ ಯಾರೂ ಮನೆಮಾತನ್ನು ಕೊಂದು ಕನ್ನಡವನ್ನು ಬೆಳೆಸಲಿಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ತಳ್ಳಲಿಲ್ಲ.

ಅಷ್ಟು ದೂರ ಹೋಗುವುದೇ ಬೇಡ. ಹಿರೇಗುತ್ತಿಯಿಂದ ಗೋಕರ್ಣದ ದಿಕ್ಕಿಗೆ ಹೋದರೆ ಹನೇಹಳ್ಳಿ ಎಂಬ ಊರಿದೆ. 1923ರಲ್ಲಿ ಅಲ್ಲಿ ಹುಟ್ಟಿದವರು ಕವಿ ಗಂಗಾಧರ ಚಿತ್ತಾಲರು. ಕಾದಂಬರಿಕಾರ ಯಶವಂತ ಚಿತ್ತಾಲರ ಅಣ್ಣ. ಅದರ ಪಕ್ಕದ ಬಂಕಿಕೊಡ್ಲದ ಪ್ರೌಢಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದವರು ಸು.ರಂ. ಎಕ್ಕುಂಡಿಯವರು, 'ಬಕುಲದ ಹೂವುಗಳು' ಸಂಕಲನಕ್ಕೆ 1992ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿಯವರಿದ್ದರು. ಅಂಕೋಲೆಯ ಕಡೆ ದಿನಕರ ದೇಸಾಯಿಯವರಿದ್ದರು: ನಾಲ್ಕು ಸಾಲಿನ ಚುಟುಕಗಳಿಂದ ನಾಡನ್ನೇ ನಗಿಸಿ ಚುಚ್ಚಿದವರು, ರೈತರ ಪರ ಹೋರಾಡಿದವರು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯ ಹಳ್ಳಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದವರು. ಒಂದು ಮುಂಜಾನೆ ಹೊರಟರೆ ಸಂಜೆಯೊಳಗೆ ಸುತ್ತಿ ಬರಬಹುದಾದ ನೆಲದಲ್ಲಿ ಇಷ್ಟು ಮಂದಿ. ಇವರಲ್ಲಿ ಒಬ್ಬರ ಒಂದು ಪುಸ್ತಕವಾದರೂ ನಿಮ್ಮ ಮನೆಯಲ್ಲಿದೆಯೇ? ನಾನು ಹಿರೇಗುತ್ತಿಯ ಆ ಮನೆಯವರನ್ನಷ್ಟೇ ಕೇಳುತ್ತಿಲ್ಲ, ನಿಮ್ಮನ್ನೂ ಕೇಳುತ್ತಿದ್ದೇನೆ.

ಎರಡನೆಯ ವಾದ ಇನ್ನೂ ಮೆಲ್ಲಗೆ, ಬಹುತೇಕ ಪಿಸುಮಾತಿನಲ್ಲಿ ಬರುತ್ತದೆ: ಆ ಪದ್ಯಗಳ ತುಂಬ ಅನ್ಯ ದೇವರುಗಳು, ಮಕ್ಕಳ ವಿಶ್ವಾಸ ಕೆಟ್ಟೀತು. ಇದಕ್ಕೆ ಉತ್ತರ ಗೋವಿಂದ ಪೈಗಳ 'ಗೊಲ್ಗೊಥಾ'. ಯೇಸುಸ್ವಾಮಿಯ ಕಡೆಯ ದಿನವನ್ನು ನಿರೂಪಿಸುವ ಈ ಖಂಡಕಾವ್ಯ 1937ರಲ್ಲಿ ಪ್ರಕಟವಾಯಿತು. ಬರೆದವರು ಗೌಡ ಸಾರಸ್ವತ ಮನೆತನದ ವೈದಿಕ ಸಂಸ್ಕಾರದಲ್ಲಿ ಬೆಳೆದವರು. 1949ರಲ್ಲಿ ಅಂದಿನ ಮದರಾಸು ಸರಕಾರದಿಂದ ರಾಷ್ಟ್ರಕವಿ ಎಂಬ ಗೌರವ ಪಡೆದವರು. ಶುಭಸಂದೇಶವನ್ನು ಅವರು ವಾದಕ್ಕಾಗಿ ಓದಲಿಲ್ಲ, ಮತಾಂತರಕ್ಕಾಗಿಯೂ ಓದಲಿಲ್ಲ. ಶಿಲುಬೆಯ ಕೆಳಗೆ ನಿಂತು ನೋಡಿದರು, ಕಂಡದ್ದನ್ನು ಕನ್ನಡದ ಕಾವ್ಯವಾಗಿಸಿದರು. ಆ ಬಳಿಕ 1946ರಲ್ಲಿ 'ವೈಶಾಖಿ' ಎಂಬ ಕಾವ್ಯದಲ್ಲಿ ಭಗವಾನ್ ಬುದ್ಧರ ಕೊನೆಯ ದಿನವನ್ನು ಹಾಡಿದರು. ಅನ್ಯರ ಆರಾಧ್ಯನ ಮರಣದ ಮುಂದೆ ಹೀಗೆ ತಲೆಬಾಗಿ ನಿಂತದ್ದರಿಂದ ಅವರ ವಿಶ್ವಾಸವೇನೂ ಕೆಡಲಿಲ್ಲ. ನಮ್ಮ ವಿಶ್ವಾಸ ಮಾತ್ರ ಒಂದು ಪಠ್ಯಪುಸ್ತಕದ ಪದ್ಯಕ್ಕೆ ಕೆಡುವಷ್ಟು ತೆಳುವೇ?

ನೋವಿನ ಸಂಗತಿಯೆಂದರೆ, ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಜನರಿಗೆ ಈ ಕಾವ್ಯದ ಹೆಸರು ಗೊತ್ತಿದೆ ಎಂದು ಕೇಳಿದರೆ ಕೈಯೆತ್ತುವವರು ವಿರಳ. ನಮ್ಮ ಪ್ರಭುವಿನ ಯಾತನೆಯನ್ನು ಕನ್ನಡದ ಹಿರಿಯ ಕವಿಯೊಬ್ಬರು ಹಾಡಿ ಎಂಬತ್ತಕ್ಕೂ ಮಿಕ್ಕಿ ವರ್ಷಗಳಾದವು. ಅದನ್ನು ಹೆಚ್ಚಾಗಿ ಓದಿದವರು, ಚರ್ಚಿಸಿದವರು, ಕಾಲೇಜುಗಳಲ್ಲಿ ಪಾಠ ಹೇಳಿದವರು ಬೇರೆಯವರು. ಪವಿತ್ರ ಶುಕ್ರವಾರದಂದು ನಾವು ಅದೇ ನಾಲ್ಕು ಹಾಡುಗಳನ್ನು, ಅವುಗಳಲ್ಲಿ ಒಂದೆರಡನ್ನು ಸಿನಿಮಾದ ಧಾಟಿಯಲ್ಲಿ, ಹಾಡಿ ಮನೆಗೆ ಬರುತ್ತೇವೆ.

ಅನ್ಯರ ಕಾವ್ಯವನ್ನು ಓದುವುದು ಧರ್ಮಸಭೆಗೆ ಹೊಸದೂ ಅಲ್ಲ. ಸಂತ ಪೌಲರು ಅಥೆನ್ಸಿನಲ್ಲಿ ನಿಂತು ಮಾತನಾಡಿದಾಗ ಗ್ರೀಕ್ ಕವಿಗಳ ಮಾತನ್ನೇ ಎತ್ತಿಕೊಂಡದ್ದನ್ನು ಪ್ರೇಷಿತರ ಕಾರ್ಯಕಲಾಪಗಳ ಹದಿನೇಳನೆಯ ಅಧ್ಯಾಯದಲ್ಲಿ ಓದಿಕೊಳ್ಳಿ. ಕೇಳುವವರ ಕವಿಗಳನ್ನು ಬಲ್ಲದೆ ಅವರೊಡನೆ ಮಾತನಾಡಲು ಪೌಲರು ಹೋಗಲಿಲ್ಲ. ತರುಣರಾಗಿದ್ದಾಗ ಅರ್ಜೆಂಟೀನಾದ ಶಾಲೆಯೊಂದರಲ್ಲಿ ಸಾಹಿತ್ಯ ಬೋಧಿಸಿದ್ದ ಪೋಪ್ ಫ್ರಾನ್ಸಿಸ್ ಅವರು, ವಿಶ್ವಾಸಿಗಳ ರೂಪಣೆಯಲ್ಲಿ ಕಥೆ ಕವಿತೆಗಳ ಓದಿಗಿರುವ ಸ್ಥಾನವನ್ನು ಕುರಿತೇ 2024ರ ಜುಲೈ 17ರಂದು ಒಂದು ಪತ್ರ ಬರೆದರು. ಅದನ್ನು ಗುರುವಿದ್ಯಾರ್ಥಿಗಳಿಗೆ ಮಾತ್ರ ಎಂದು ತಿಳಿದು ಬದಿಗಿಡುವಂತಿಲ್ಲ. ಎಲ್ಲ ಕ್ರೈಸ್ತರನ್ನೂ ಮನಸ್ಸಿನಲ್ಲಿಟ್ಟು ಬರೆದ ಪತ್ರವದು.

ಇಲ್ಲಿ ಇನ್ನೊಂದು ತಪ್ಪನ್ನೂ ಹೇಳದೆ ಬಿಟ್ಟರೆ ನಾನು ಪಕ್ಷಪಾತಿಯಾಗುತ್ತೇನೆ. ನಮ್ಮಲ್ಲಿ ಕೆಲವರು ಇದಕ್ಕೆ ತೀರ ವಿರುದ್ಧವಾದ ಜಂಬವನ್ನು ಕೊಚ್ಚಿಕೊಳ್ಳುತ್ತಾರೆ: ಕನ್ನಡದ ನವೋದಯವೇ ಕ್ರೈಸ್ತ ಮಿಶನರಿಗಳು ಕೊಟ್ಟ ದಾನ, ಕಿಟ್ಟೆಲ್ ಇಲ್ಲದಿದ್ದರೆ ಕನ್ನಡವೆಲ್ಲಿತ್ತು ಎಂದು. ಈ ಮಾತನ್ನು ಕಿಟ್ಟೆಲರೇ ಒಪ್ಪುತ್ತಿರಲಿಲ್ಲ. 1862ರಲ್ಲಿ ಯೇಸುಚರಿತೆಯನ್ನು 'ಕಥಾಮಾಲೆ' ಎಂಬ ಹೆಸರಿನಿಂದ ಪದ್ಯರೂಪದಲ್ಲಿ ಬರೆಯುವಾಗ ಅವರು ತಮ್ಮ ಜರ್ಮನ್ ನಾಡಿನ ಛಂದಸ್ಸನ್ನು ಹೇರಲಿಲ್ಲ. ಈ ನೆಲದ ಛಂದಸ್ಸಿಗೆ ಶಿಷ್ಯರಾದರು. 1875ರಲ್ಲಿ ಹಳೆಯ ಛಂದೋಗ್ರಂಥವಾದ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದರು. 1894ರಲ್ಲಿ ಹೊರಬಂದ ಅವರ ನಿಘಂಟು ದಶಕಗಳ ವಿದ್ಯಾರ್ಥಿತನದ ಫಲ. ಅವರಿಗಿಂತ ಮುಂಚೆ, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರು ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅವರು ಕನ್ನಡಕ್ಕೆ ಕೊಟ್ಟದ್ದು ದೊಡ್ಡದು. ಆದರೆ ಕೊಡುವ ಮುನ್ನ ಕಲಿತರು. ಅವರ ಹೆಸರು ಹೇಳಿ ಹೆಮ್ಮೆಪಡುವ ನಾವು ಏನನ್ನು ಕಲಿತಿದ್ದೇವೆ? ಕಿಟ್ಟೆಲರ ಪ್ರತಿಮೆಗೆ ಹಾರ ಹಾಕಿ, ಅವರು ಪ್ರೀತಿಸಿದ ಪದ್ಯಗಳಿಗೆ ಬೆನ್ನು ಹಾಕುವುದು ಎಂಥ ಗೌರವ?

ನಮ್ಮ ಮನೆಮಾತಿಗೆ ಇನ್ನೂ ಹತ್ತಿರದ ಸಾಕ್ಷಿ ಬೇಕೆಂದರೆ ಗೋವೆಯತ್ತ ನೋಡಿ. ಷೇಕ್ಸ್‌ಪಿಯರ್ ಬದುಕಿದ್ದ ಕಾಲದ ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್, ಅಲ್ಲಿನ ಜನರ ನುಡಿಯನ್ನು ಕಲಿತು, ಕೊಂಕಣಿಯ ಸೊಗಡಿರುವ ಮರಾಠಿಯಲ್ಲಿ, ಈ ನೆಲದ ಓವಿ ಛಂದಸ್ಸಿನಲ್ಲಿ 'ಕ್ರಿಸ್ತಪುರಾಣ'ವನ್ನು ಬರೆದರು. ಹತ್ತು ಸಾವಿರಕ್ಕೂ ಹೆಚ್ಚು ಪದ್ಯಗಳ ಆ ಕೃತಿ 1616ರಲ್ಲಿ, ಷೇಕ್ಸ್‌ಪಿಯರ್ ತೀರಿಕೊಂಡ ವರ್ಷದಲ್ಲಿಯೇ, ರಾಯ್ತೂರಿನಲ್ಲಿ ಅಚ್ಚಾಯಿತು. ಯುರೋಪಿನ ಪುನರುಜ್ಜೀವನದ ಕಾವ್ಯಪ್ರೀತಿ ನಮ್ಮ ಕರಾವಳಿಗೆ ಬಂದು ಇಳಿದ ಬಗೆ ಇದು. ಏಳು ಸಮುದ್ರ ದಾಟಿ ಬಂದವನು ಇಲ್ಲಿಯವರ ಮಾತಿನಲ್ಲಿ ಹಾಡಿದ. ಇಲ್ಲಿಯೇ ಹುಟ್ಟಿದ ನಾವು ಇಲ್ಲಿಯ ಮಾತಿನ ಹಾಡನ್ನು ನಮ್ಮದಲ್ಲ ಎನ್ನುತ್ತೇವೆ.

ಮೂರನೆಯ ವಾದ ಹೊಟ್ಟೆಪಾಡಿನದು. ಪದ್ಯ ಓದಿದರೆ ಕೆಲಸ ಸಿಗುತ್ತದೆಯೇ? ತಂದೆತಾಯಿಯರ ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೊಲ್ಲಿ ದೇಶಕ್ಕೋ ಮುಂಬಯಿಗೋ ಹೋಗಿ ದುಡಿದು ಮನೆ ನಿಲ್ಲಿಸಿದ ಜನ ನಾವು; ಇಂಗ್ಲಿಷ್ ನಮಗೆ ಅನ್ನ ಕೊಟ್ಟಿದೆ. ಆದರೆ ಪದ್ಯ ಅನ್ನವನ್ನು ಕಿತ್ತುಕೊಳ್ಳುತ್ತದೆ ಎಂಬುದು ಸುಳ್ಳು. ಹನೇಹಳ್ಳಿಯ ಗಂಗಾಧರ ಚಿತ್ತಾಲರು ಮೆಟ್ರಿಕ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ ಬಂದವರು. ಕೇಂದ್ರ ಸರಕಾರದ ಲೆಕ್ಕಪರಿಶೋಧನಾ ಸೇವೆಯಲ್ಲಿ ಉನ್ನತ ಹುದ್ದೆಗೇರಿದವರು. ಅಂಕಿಗಳೊಂದಿಗೆ ದುಡಿಯುತ್ತಲೇ 'ಮನುಕುಲದ ಹಾಡು', 'ಹರಿವ ನೀರಿದು' ಮುಂತಾದ ಸಂಕಲನಗಳನ್ನು ಕೊಟ್ಟರು. ಅವರ ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ದೇಹವನ್ನು ಹಿಡಿದು ನಡುಗಿಸಿತು; 1987ರಲ್ಲಿ ಅವರು ತೀರಿಕೊಂಡರು. ಅಂಥ ಕಾಯಿಲೆಯ ಹಾಸಿಗೆಯಲ್ಲಿ ಹುದ್ದೆ ಜೊತೆಗೆ ಬಂದು ಕೂರುವುದಿಲ್ಲ. ಮಾತು ಬಂದು ಕೂರುತ್ತದೆ.

ನನ್ನ ನಿಜವಾದ ಭಯವಿರುವುದು ಇಲ್ಲಿಯೇ. ಕನ್ನಡದ ಅಳಿವು ಉಳಿವು ನಮ್ಮ ನಾಲ್ಕು ಮನೆಗಳಿಂದ ತೀರ್ಮಾನವಾಗುವುದಿಲ್ಲ. ಆದರೆ ನಮ್ಮ ಮಕ್ಕಳ ಒಳಗಿನ ಮಾತು ತೀರ್ಮಾನವಾಗುತ್ತದೆ. ಹಿರೇಗುತ್ತಿಯ ಆ ಹುಡುಗನನ್ನು ನೋಡಿ. ಅವನ ಕೊಂಕಣಿ ಊಟ, ಆಟ, ಬೈಗುಳಗಳಿಗೆ ಸಾಲುತ್ತದೆ. ಅದರಲ್ಲಿ ಅವನು ಒಂದು ಪುಸ್ತಕವನ್ನೂ ಓದಿಲ್ಲ. ಅವನ ಇಂಗ್ಲಿಷ್ ಪರೀಕ್ಷೆಗೆ ಸಾಲುತ್ತದೆ. ಅದರಲ್ಲಿ ಅವನು ಅತ್ತಿಲ್ಲ. ಪೂಜೆಯ ಕನ್ನಡವನ್ನು ಅವನು ಉಚ್ಚರಿಸುತ್ತಾನೆ. ಅದರ ಅರ್ಥದ ಕಡೆಗೆ ಗಮನವಿಲ್ಲ. ಮೂರು ಭಾಷೆಗಳಿದ್ದೂ, ದುಃಖ ಬಂದ ದಿನ ಹೇಳಿಕೊಳ್ಳಲು, ಸಂದೇಹ ಬಂದ ದಿನ ದೇವರೊಡನೆ ಜಗಳವಾಡಲು ಅವನಿಗೆ ಒಂದು ಭಾಷೆಯೂ ಇರದಂತಾಗಬಹುದು. ಅಜ್ಜಿಗೆ ಆ ಭಾಷೆಯಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಆ ಹೆಂಗಸು, ಕಣ್ಣು ಮಂಜಾದ ಮೇಲೂ, ಬೆಳಕನ್ನು ಕರೆಯಬಲ್ಲರು. ಕಲಿತವರು ಯಾರು, ಕಲಿಯದವರು ಯಾರು?

ನವೋದಯದ ಕಾವ್ಯದಲ್ಲಿ ಕೊರತೆಗಳಿಲ್ಲವೆಂದಲ್ಲ. ಸೌಂದರ್ಯದ ಮೋಹದಲ್ಲಿ ಹಸಿವನ್ನು ಮರೆಯಿತು, ಹೆಣ್ಣುಮಕ್ಕಳ, ದಲಿತರ ದನಿಗೆ ಅಲ್ಲಿ ಎಡೆ ಸಾಲಲಿಲ್ಲ ಎಂದು ಮುಂದಿನ ತಲೆಮಾರುಗಳು ಆಕ್ಷೇಪಿಸಿದವು. ಆ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಓದಿ ಜಗಳವಾಡುವ ಹಕ್ಕು ಓದಿದವರದು. ಓದದೆ ತಳ್ಳಿದವರಿಗೆ ಆ ಹಕ್ಕಿಲ್ಲ. 'ಗೊಲ್ಗೊಥಾ'ದ ಭಾಷೆ ಸುಲಭವೂ ಅಲ್ಲ. ಹಳಗನ್ನಡದ ಪದಗಳು ಹೆಜ್ಜೆಹೆಜ್ಜೆಗೂ ತಡೆಯುತ್ತವೆ. ಹಾಗೆಂದು ಹೆದರಬೇಕಾಗಿಲ್ಲ. ತಪಸ್ಸು ಕಾಲದಲ್ಲಿ ಮಾಂಸ ಬಿಡುವ, ಸಿಹಿ ಬಿಡುವ ವ್ರತ ಹಿಡಿಯುವ ನಾವು, ದಿನಕ್ಕೆ ಒಂದು ಪುಟ ಕಷ್ಟಪಟ್ಟು ಓದುವ ವ್ರತವನ್ನೂ ಹಿಡಿಯಬಹುದು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು, ಖರ್ಚಿಲ್ಲದ್ದು. ವಾರಕ್ಕೊಮ್ಮೆ, ಜಪಸರದ ನಂತರ, ಮನೆಯಲ್ಲಿ ಒಂದು ಕನ್ನಡ ಪದ್ಯವನ್ನು ಗಟ್ಟಿಯಾಗಿ ಓದಿ. ಚಿಕ್ಕವರಿದ್ದರೆ ಪಂಜೆಯವರಿಂದ, ದಿನಕರ ದೇಸಾಯಿಯವರ ಚುಟುಕಗಳಿಂದ ಆರಂಭಿಸಿ; ಕೂಡಿ ನಗಬಹುದು. ಎಕ್ಕುಂಡಿಯವರ ಕಥನಕವನಗಳನ್ನು ಕಥೆಯೆಂದೇ ಓದಿ. ಧರ್ಮಕೇಂದ್ರದ ಸಭೆಗಳಲ್ಲಿ ಬಣ್ಣ, ಧ್ವನಿವರ್ಧಕ, ಪೆಂಡಾಲುಗಳಿಗೆ ಹಣ ಎತ್ತುವಾಗ, ಹತ್ತು ಪುಸ್ತಕಗಳ ಒಂದು ಕಪಾಟಿಗೂ ಎತ್ತಿ. ನಿಮ್ಮಲ್ಲಿ ಕನ್ನಡ ಶಿಕ್ಷಕರಿದ್ದರೆ, ಅವರು ಯಾವ ಧರ್ಮದವರೇ ಆಗಿರಲಿ, ತಪಸ್ಸು ಕಾಲದ ನಾಲ್ಕು ಸಂಜೆಗಳಿಗೆ ಕರೆದು 'ಗೊಲ್ಗೊಥಾ'ವನ್ನು ಅರ್ಥ ಹೇಳಿಸಿ. ಯೇಸುಸ್ವಾಮಿಯ ಮರಣವನ್ನು ನೆರೆಮನೆಯ ಕವಿಯೊಬ್ಬರ ಕಣ್ಣಿನಿಂದ ಕಾಣುವುದು ನಮ್ಮ ಭಕ್ತಿಯನ್ನು ಕುಗ್ಗಿಸದು. ಮಕ್ಕಳಿಗೆ ಕೊಂಕಣಿಯನ್ನೂ ಓದಲು ಕಲಿಸಿ. ಎರಡಕ್ಕೂ ಮನೆಯಲ್ಲಿ ಜಾಗವಿದೆ.

ಹಿರೇಗುತ್ತಿಯಿಂದ ಅನತಿ ದೂರದಲ್ಲಿ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿವೆ. ಉಪ್ಪು ತನ್ನ ರುಚಿಯನ್ನು ಕಳೆದುಕೊಂಡರೆ ಏನು ಮಾಡುವುದೆಂದು ಪ್ರಭು ಕೇಳಿದ ಪ್ರಶ್ನೆ ಆ ಊರಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು. ಉಪ್ಪು ಬೇರೆಯಾಗಿ ಡಬ್ಬಿಯಲ್ಲಿ ಕುಳಿತರೆ ಯಾರಿಗೂ ರುಚಿ ಕೊಡದು; ಅನ್ನದೊಳಗೆ, ನೆರೆಹೊರೆಯವರ ಅನ್ನದೊಳಗೂ, ಕರಗಬೇಕು.

ಇನ್ನು ಕೆಲವೇ ದಿನಗಳಲ್ಲಿ ನಾನು ಮತ್ತೆ ಆ ಮನೆಗೆ ಹೋಗಬೇಕಾಗಿದೆ. ಈ ಲೇಖನವನ್ನು ಅವರೂ ಓದಿರುತ್ತಾರೆ, ಸಿಟ್ಟಾಗಿದ್ದರೂ ಆಗಿರಬಹುದು. ಸಿಟ್ಟನ್ನು ಸಹಿಸಿಕೊಳ್ಳುತ್ತೇನೆ. ಅಜ್ಜಿಯ ಪಕ್ಕದಲ್ಲಿ ಮೊಮ್ಮಗನನ್ನು ಕೂರಿಸಿ, ಅಂದು ಅರ್ಧಕ್ಕೆ ನಿಂತ ಹಾಡನ್ನು ಮುಂದುವರಿಸಿರೆಂದು ಆ ತಂದೆಯ ಎದುರಿಗೇ ಬೇಡಿಕೊಳ್ಳುತ್ತೇನೆ. ಅವರು ಹಾಡಬಲ್ಲವರಾಗಿರುವಾಗಲೇ ಈ ಕೆಲಸ ಆಗಬೇಕು. ನಿಮ್ಮ ಮನೆಯ ಅಜ್ಜಿಗೆ ಯಾವ ಪದ್ಯ ಬಾಯಿಪಾಠವಿದೆಯೆಂದು ನೀವು ಎಂದಾದರೂ ಕೇಳಿದ್ದೀರಾ?